ನಾಲ್ಕು ಕರಿ ನಾಯಿ, ಒಂದು ಕೆಂಪು ಬೆಲ್ಟು

ನಮ್ಮ ಮನೆಗೆ ನಾಯಿ ಬೇಡವೇ ಬೇಡ ಎಂದು ಹಟ ಹಿಡಿದವಳು ನಾನು. ನಮ್ಮವರು ಕೇಳಬೇಕಲ್ಲ! ಎಸ್ಟೇಟಿನ ಲೆಕ್ಕ ಬರೆಯುವ ಪರಿಚಯದ ರೈಟರ ಮನೆಯ ಲ್ಯಾಬ್ರಡಾರ್ ಮರಿ ಹಾಕಿದ್ದೇ ತಡ, ಒಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದೇಬಿಟ್ಟರು. ಒಟ್ಟು ನಾಲ್ಕು ಗಂಡು ಮರಿ, ನಾಲ್ಕೂ ಮಸಿಗಪ್ಪು. ಒಂದು ರೈಟರ ಬಳಿಯೇ ಉಳಿಯಿತು. ಉಳಿದ ಎರಡು ಸಕಲೇಶಪುರದಲ್ಲೇ ಒಬ್ಬ ಆಟೋದವನ ಮನೆಗೂ ಮೆಡಿಕಲ್ ಶಾಪಿನಾಕೆಯ ಮನೆಗೂ ಹೋದವು.

ಮೂರೇ ತಿಂಗಳಲ್ಲಿ ನಾನು ಆ ನಾಯಿಗೆ ಸೋತುಹೋದೆ. ಮುದ್ದೆಗೆ ಹಾಲು ಕಲಸಿ ಹಾಕುವವಳು ನಾನು, ಮೈ ತೊಳೆಯುವವಳು ನಾನು, ನಮ್ಮವರಿಗೆ ಮಂಡಿನೋವು ಎಂದು ತಿರುಗಾಡಿಸಿಕೊಂಡು ಬರುವವಳೂ ನಾನೇ. ಆದರೆ ಹೊಟ್ಟೆ ತುಂಬಿದ ಮೇಲೆ ಅದು ಹೋಗಿ ಮಲಗುತ್ತಿದ್ದುದು ಅವರ ಕಾಲ ಬಳಿ. "ಅನ್ನ ಹಾಕೋಳು ನೀನು, ಬಾಲ ಅಲ್ಲಾಡ್ಸೋದು ನಂಗೆ. ಋಣ ಕಣೇ, ಏನ್ ಮಾಡಕಾಯ್ತದೆ!" ಎಂದು ಅವರು ನಗುವಾಗ ನನಗೆ ಮೈ ಉರಿಯುತ್ತಿತ್ತು. ಇಷ್ಟೆಲ್ಲ ಮಾಡಿಯೂ ಆ ನಾಯಿಗೆ ನಾನು ಯಾರೂ ಅಲ್ಲವೇ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಮಾತ್ರ ನನ್ನ ಹಬ್ಬ. ನಾಲ್ಕೂ ಮನೆಯವರು ಈ ನಾಯಿ ಅಣ್ಣತಮ್ಮಂದಿರನ್ನು ಹಿಡಿದುಕೊಂಡು ಹೇಮಾವತಿ ಹೊಳೆಯ ಪಕ್ಕದ ದಾರಿಯಲ್ಲಿ ನಡೆಯುತ್ತಿದ್ದೆವು. ಒಂದರ ಹೆಸರು ಕೂಗಿದರೆ ಬಿಸ್ಕತ್ತಿನ ಆಸೆಗೆ ನಾಲ್ಕೂ ಓಡಿ ಬರುತ್ತಿದ್ದವು. ಗುರುತಿಗೆ ಇದ್ದದ್ದು ಬೆಲ್ಟಿನ ಬಣ್ಣ. ನಮ್ಮದು ಕೆಂಪು, ಆಟೋದವನದು ನೀಲಿ.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಸೇರಿಕೊಳ್ಳುತ್ತಿತ್ತು. ದಾರಿ ಮುಗಿಯುವಲ್ಲಿ ಒಂದು ಬಂಡೆ. ಅಲ್ಲಿ ಬೆಲ್ಟುಗಳನ್ನು ಬಿಚ್ಚಿ ಗುಡ್ಡೆ ಹಾಕಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ, ಉಪ್ಪಿನ ಗಂಟು ಮುಟ್ಟಿಸಿ ಜಿಗಣೆ ಉದುರಿಸಬೇಕು. ಕೊನೆಗೆ ನಾನು ತಂದ ಹಳೇ ಸೀರೆಯ ತುಂಡಿನಲ್ಲಿ ಮೈ ಒರೆಸುವುದು.

ಒಂದು ಭಾನುವಾರ ಇನ್ನೂ ಜಿಗಣೆ ತೆಗೆಯುತ್ತಿರುವಾಗಲೇ ಧೋ ಎಂದು ಮಳೆ ಹಿಡಿಯಿತು. ನಾಲ್ಕೂ ನಾಯಿ ಕೆಸರು ಹೊತ್ತುಕೊಂಡು ಗಿರಗಿರ ಸುತ್ತತೊಡಗಿದವು. "ಬೆಲ್ಟು ನೋಡಿ ಹಾಕಿ, ಅದ್ಲು ಬದ್ಲಾದಾತು," ಎಂದರು ರೈಟರು.

"ಸಾವಿರ ನಾಯಿ ತಂದು ನಿಲ್ಸಿ ರೈಟ್ರೇ, ನಮ್ದನ್ನ ಕಣ್ ಮುಚ್ಕಂಡ್ ಹಿಡೀತೀನಿ," ಎಂದು ಜಂಬದಿಂದ ಕೆಂಪು ಬೆಲ್ಟು ಬಿಗಿದು ಹೊರಟೆ. ಸೀರೆಯ ತುಂಡನ್ನು ಆಟೋದವನು ತನ್ನ ನಾಯಿಗೆ ಹೊದಿಸಿಕೊಂಡು ಹೋದ.

ಮನೆಗೆ ಬಂದ ಮೇಲೆ, ಅಬ್ಬಬ್ಬಾ, ಏನು ಹೇಳಲಿ! ನಾಯಿ ನನ್ನ ಬೆನ್ನು ಬಿಡಲಿಲ್ಲ. ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ನಮ್ಮವರು ಕರೆದರೆ ತಿರುಗಿಯೂ ನೋಡಲಿಲ್ಲ. "ನೋಡಿದ್ರಾ? ಯಾರ ಋಣ ಈಗ?" ಎಂದು ಹಿರಿಹಿರಿ ಹಿಗ್ಗಿ, ಎರಡು ಮೊಟ್ಟೆ ಬೇಯಿಸಿ ಹಾಕಿದೆ. ನಮ್ಮವರು ಕನ್ನಡಕ ಏರಿಸಿ ನಾಯಿಯನ್ನೇ ನೋಡುತ್ತ ಕುಳಿತರು.

ಮಧ್ಯಾಹ್ನ ಆಟೋದವನ ಫೋನು. "ಅಕ್ಕಾ, ನಮ್ಮ ನಾಯಿ ನಿಮ್ಮನೇಲೈತೆ ಕಣಕ್ಕ."

"ಏನೋ ಹಂಗಂದ್ರೆ? ಇಲ್ಲಿರೋದು ನಮ್ದೇ ಕಣೋ!"

"ಅಲ್ಲ ಕಣಕ್ಕ. ಇದು ಬಂದಾಗ್ಲಿಂದ ಒಂದ್ ತುತ್ತು ಮುಟ್ಟಿಲ್ಲ. ನಿಮ್ಮ ಸೀರೆ ತುಂಡು ಐತಲ್ಲ, ಅದ್ರ ಮೇಲೆ ಮಲ್ಕಬುಟ್ಟೈತೆ. ಒಗ್ಯಾಕೆ ಅಂತ ನಮ್ಮನೇಳು ಎಳದ್ರೆ ಗುರ್ ಅಂತೈತೆ."

ಫೋನು ಹಿಡಿದುಕೊಂಡೇ ಕೆಳಗೆ ನೋಡಿದೆ. ಪಾಪ, ಗುರುತಿಲ್ಲದ ಮನೆಯಲ್ಲಿ ಗುರುತಿದ್ದವಳು ನಾನೊಬ್ಬಳೇ ಎಂದು ಆಟೋದವನ ನಾಯಿ ನನ್ನ ಸೆರಗಿಗೆ ಅಂಟಿಕೊಂಡಿತ್ತು. ಮಾತು ಆಡಿದರೆ ಹೋಯಿತು ಎನ್ನುವುದು ಇದಕ್ಕೇ. ಸಾವಿರದಲ್ಲಿ ಹಿಡಿಯುತ್ತೇನೆಂದವಳು ನಾಲ್ಕರಲ್ಲಿ ಹಿಡಿಯಲಾರದೆ ಹೋಗಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ನಮ್ಮವರು ನಗುತ್ತಾರೆಂದುಕೊಂಡೆ, ನಗಲಿಲ್ಲ.

ಅರ್ಧ ಗಂಟೆಯಲ್ಲಿ ಆಟೋ ಬಂತು. ನಮ್ಮವರು ಗೇಟಿನಲ್ಲೇ ಕೈ ಚಾಚಿ ನಿಂತಿದ್ದರು. ನಮ್ಮ ನಾಯಿ ಸೀರೆಯ ತುಂಡನ್ನು ಬಾಯಲ್ಲಿ ಕಚ್ಚಿಕೊಂಡೇ ಕೆಳಗೆ ಹಾರಿತು, ಅವರನ್ನು ದಾಟಿ ಬಂದು ಅದನ್ನು ನನ್ನ ಪಾದದ ಮೇಲೆ ಹಾಕಿತು. ಅಂಗಳದ ಕೆಸರಿನಲ್ಲೇ ಕುಕ್ಕರಿಸಿ ಅದರ ತಲೆಯನ್ನು ಅಪ್ಪಿಕೊಂಡು ಅತ್ತೆ, ನಕ್ಕೆ. "ತಪ್ಪಾಯ್ತು ಮಾರಾಯ, ನಂದೇ ತಪ್ಪು," ಎಂದೆ.

ಈಗಲೂ ಭಾನುವಾರ ಬೆಲ್ಟು ಬಿಚ್ಚಿ ಜಿಗಣೆ ತೆಗೆಯುತ್ತೇವೆ. ಬೆಲ್ಟು ಹಾಕುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ನಾಯಿಯನ್ನು ಹುಡುಕುತ್ತಾರೆ. ನಾನು ಹುಡುಕಲು ಹೋಗುವುದಿಲ್ಲ. ಹಳೇ ಸೀರೆಯನ್ನು ಬಂಡೆಯ ಮೇಲೆ ಹಾಸಿ ಪಕ್ಕದಲ್ಲಿ ಕೂರುತ್ತೇನೆ. ನಾಲ್ಕರಲ್ಲಿ ಒಂದು ಬಂದು ಅದರ ಮೇಲೆ ಮಲಗುತ್ತದೆ. ಅದಕ್ಕೆ ಕೆಂಪು ಬೆಲ್ಟು ಹಾಕುತ್ತೇನೆ.