ಸುಳ್ಳು ಮೇಲ್‌ಗೆ ಬಂದ ಗಂಜಿ

ಮೊದಲು ಕಂಡದ್ದು ಗಂಜಿಯ ಡಬ್ಬಿಯೋ ಅವರ ಮುಖವೋ, ಈಗ ಖಚಿತವಾಗಿ ಹೇಳಲಾರೆ. ಮುಂಬಯಿ ಹತ್ತಿರದ ಡೊಂಬಿವಲಿಯ ನನ್ನ ಮನೆಯ ಬಾಗಿಲು ತೆರೆದರೆ ಶಾರದಕ್ಕ ನಿಂತಿದ್ದರು. ಹತ್ತು ವರ್ಷದ ಹಿಂದೆ ಮಹಾಪೆಯಲ್ಲಿ ನಾನು ಊಟ ಮಾಡುತ್ತಿದ್ದ ಮೆಸ್ ಅವರದು. ಅವರಿಗೆ ಮೇಲ್ ಐಡಿ ಮಾಡಿಕೊಟ್ಟವನೂ ನಾನೇ. ಆಮೇಲೆ ನಮ್ಮ ಗೃಹಪ್ರವೇಶದ ಕಾಗದ ಕಳಿಸಿದ್ದು ಬಿಟ್ಟರೆ ಸಂಪರ್ಕವೇ ಇರಲಿಲ್ಲ. ಆ ಕಾಗದದ ವಿಳಾಸ ಹಿಡಿದು ಬಂದಿದ್ದರು.

"ಆಸ್ಪತ್ರೆಯಿಂದ ಬಿಟ್ರಾ?" ಎಂದು ಕೇಳಿದರು.

ಹಿಂದಿನ ದಿನ ಯಾರೋ ನನ್ನ ಮೇಲ್ ಐಡಿ ನಕಲು ಮಾಡಿ, ನಾನೇ ಬರೆದಂತೆ ಪರಿಚಿತರಿಗೆಲ್ಲ ಮೇಲ್ ಕಳಿಸಿದ್ದರು: 'ಆಸ್ಪತ್ರೆಯಲ್ಲಿ ಒಬ್ಬನೇ ಇದ್ದೇನೆ. ಫೋನ್ ಮಾಡಬೇಡಿ, ಈ ಲಿಂಕ್ ಒತ್ತಿ.' ಗೆಳೆಯರಿಗೆಲ್ಲ ಫೋನ್ ಮಾಡಿ ಎಚ್ಚರಿಸಿದ್ದೆ. ಇವರನ್ನು ಮರೆತಿದ್ದೆ.

"ಅದು ಸುಳ್ಳು ಮೇಲ್, ಅಕ್ಕ. ಲಿಂಕ್ ಒತ್ತಿದ್ರಾ?"

"ಲಿಂಕ್ ಒತ್ತಿದ್ರೆ ನಿಮ್ಮ ಹೊಟ್ಟೆ ತುಂಬ್ತದಾ ಮಾರಾಯ್ರೆ? ಫೋನ್ ಬೇಡ ಅಂತ ಇತ್ತಲ್ಲ, ಯಾವ ಆಸ್ಪತ್ರೆ ಅಂತ ಇರ್ಲಿಲ್ಲ, ಮನೆಗೇ ಹೋಗುವ ಅಂತ ನಮ್ಮ ಟಿಟ್ವಾಳಾದಲ್ಲಿ ರೈಲುಗಾಡಿ ಹತ್ತಿದೆ. ಮಗಳು 'ಆಯಿ, ಫೇಕ್ ಆಹೆ', ಸುಳ್ಳಮ್ಮಾ ಅಂತ ನಗಾಡಿದ್ಳು. ಫೇಕ್ ಆದ್ರೆ ನಾನೂ ಅವ್ರೂ ಕೂತು ಉಣ್ತೇವೆ ಅಂದೆ. ನಿಜ ಆದ್ರೆ?"

ತಟ್ಟೆ ತಂದೆ. ಒಬ್ಬ ಕಳ್ಳನ ಮಾತನ್ನು ಹೀಗೂ ಓದಬಹುದೆಂಬ ಬೆರಗಿನಲ್ಲಿ ಅವರೆದುರು ಕೂತು ಉಂಡೆ.

ಶಾರದಕ್ಕನ ಹೆಸರಿನಲ್ಲಿ ಅಂಥದೇ ಮೇಲ್ ನನಗೆ ಬಂದಿದ್ದರೆ ರೈಲು ಹತ್ತುತ್ತಿದ್ದೆನೇ? ಗೊತ್ತಿಲ್ಲ.