ಲೊಂಬಾರ್ಡ್‌ನಲ್ಲಿ ಮೀಸೆಯ ಪಣ

ಪಣ ಕಟ್ಟಿದರೆ ಮನೆ, ಮಾನ, ರಾಜ್ಯ ಎಲ್ಲವೂ ಹೋಗುತ್ತವೆಂದು ಹಿರಿಯರು ಎಚ್ಚರಿಸಿದ್ದಾರೆ. ಅಮೆರಿಕದ ಶಿಕಾಗೋ ಬಳಿಯ ಲೊಂಬಾರ್ಡ್‌ನಲ್ಲಿ ಹೋಗುವುದು ಮೀಸೆ ಮಾತ್ರ.

1974ರ ವಿಶ್ವಕಪ್ ಫುಟ್‌ಬಾಲ್ ಫೈನಲ್. ನಾನು ಉಳಿದುಕೊಂಡಿದ್ದ ಮನೆಯ ಯಜಮಾನರು, ಮೈಸೂರಿನ ಇಂಜಿನಿಯರ್ ರಂಗರಾಯರು, ಹಾಲೆಂಡ್ ಪರ. ಅವರ ಕ್ಷೌರಿಕ ಹಾನ್ಸ್ ತನ್ನ ಜರ್ಮನಿಯ ಪರ. ಒಂದಕ್ಕೆರಡರ ಪಣ: ಜರ್ಮನಿ ಸೋತರೆ ಹಾನ್ಸ್‌ನ ಮೀಸೆ, ಗಡ್ಡ ಎರಡೂ ಹೋಗಬೇಕು, ಗೆದ್ದರೆ ರಾಯರ ಮೀಸೆಯೊಂದೇ.

ಹಾನ್ಸ್‌ನ ಅಂಗಡಿಯಲ್ಲಿ ರೇಡಿಯೋ ಮುಂದೆ ಕೂತೆವು. ಎರಡನೆಯ ನಿಮಿಷಕ್ಕೇ ಹಾಲೆಂಡ್ ಗೋಲು ಹೊಡೆಯಿತು. ರಾಯರು ಹಾನ್ಸ್‌ನ ಗಡ್ಡವನ್ನು ಸ್ವಂತ ಆಸ್ತಿಯಂತೆ ನೋಡತೊಡಗಿದರು. ಆಮೇಲೆ ಜರ್ಮನಿ ಎರಡು ಹೊಡೆದು ಗೆದ್ದುಬಿಟ್ಟಿತು.

"ರೀ, ಮೈಸೂರಲ್ಲಿ ಮಾವ ಗುಂಡುಕಲ್ಲಿನ ಹಾಗಿದಾರೆ. ಅಪ್ಪ ಇರೋವಾಗ ಯಾರಾದ್ರೂ ಮೀಸೆ ತೆಗೆಸ್ತಾರೇನ್ರಿ?" ಎಂದು ಜೊತೆಗೆ ಬಂದಿದ್ದ ರಾಯರ ಹೆಂಡತಿ ಸರೋಜಮ್ಮ ಅಡ್ಡ ನಿಂತರು.

"ಬೆಟ್ ಅಂದ್ರೆ ಬೆಟ್ ಕಣೇ. ಅಪ್ಪನಿಗೆ ನಾನೇ ಕಾಗದ ಬರೀತೀನಿ, ನೀನು ಪಕ್ಕಕ್ಕೆ ಸರಿ" ಎಂದು ರಾಯರು ಯುದ್ಧಕ್ಕೆ ಹೊರಟವರಂತೆ ಕುರ್ಚಿ ಏರಿದರು.

ಸಂಜೆ ತರಕಾರಿ ಅಂಗಡಿಯಲ್ಲಿ ಪರಿಚಯದ ಕನ್ನಡಿಗರೊಬ್ಬರು ರಾಯರ ಬೋಳು ಮುಖ ಕಂಡು, ಕೈಮುಗಿದು ಹೋದರು. ಮರುದಿನ ಹತ್ತಿರದ ಊರು ವೆಸ್ಟ್‌ಮಂಟ್‌ನಿಂದ ಎರಡು ಕನ್ನಡ ಕುಟುಂಬಗಳು ಅನ್ನ, ಸಾರು ಹಿಡಿದು ಸಂತಾಪ ಹೇಳಲು ಬಂದವು.