ಜೂನ್ ಒಂದರಂದು ಹುಟ್ಟಿದವರು

ಬಾಗೇವಾಡಿಯ ಒಂದು ಆಸ್ಪತ್ರೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವಾರ. ರೋಗಿಗಳ ದಾಖಲೆಯಲ್ಲಿ ಒಬ್ಬೊಬ್ಬರು ಎರಡೆರಡು ಸಲ ಇದ್ದಾರೆ, ಸ್ವಚ್ಛ ಮಾಡು ಅಂದರು. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ದಿನ ನಾಲ್ಕೂ ಹೊಂದಿದಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಿದೆ. ಹೆಮ್ಮೆಯಿಂದ ಚಹಾ ಕುಡಿದೆ.

ಮರುದಿನ ವಾರ್ಡಿನ ಸಿಸ್ಟರ್ ಕರೆಸಿದರು. ಅವರ ಕೈಯಲ್ಲಿ ತುಂಬಿದ ಸಿರಿಂಜ್ ಹಾಗೇ ಇತ್ತು. ಎದುರಿನ ಮಂಚದ ಮೇಲೆ ಗೊಳಸಂಗಿಯ ಮಲ್ಲಪ್ಪ ಕೂತಿದ್ದರು.

"ಈ ಔಷಧ ಇವರಿಗೆ ಆಗಂಗಿಲ್ಲಂತ ಹಿಂದ ನಾನೇ ಬರಸೇನಿ. ಈಗ ನೋಡಿದ್ರ ಇಲ್ಲ. ಮುಖದ ಗುರುತು ಇತ್ತಂತ ಕೈ ತಡದೇನಿ."

"ಇವರ ಹೆಸರು ಎರಡು ಸಲ ಇತ್ರಿ. ಒಂದು ತಗದೇನಿ" ಅಂದೆ.

ಮಲ್ಲಪ್ಪ ಸಮಾಧಾನದಿಂದಲೇ ಹೇಳಿದರು. "ಎರಡು ಸಲ ಅಲ್ರಿ ಸರ, ನಾವು ಇಬ್ಬರು ಅದೀವಿ. ಇನ್ನೊಬ್ಬಾಂವ ನಮ್ಮ ಕಾಕಾನ ಮಗ. ಇಬ್ಬರಿಗೂ ಅಜ್ಜನ ಹೆಸರು ಇಟ್ಟಾರ."

"ಹುಟ್ಟಿದ ದಿನಾನೂ ಒಂದೇ ಐತಲ್ರಿ?"

"ಇಬ್ಬರನ್ನೂ ಕೂಡೇ ಸಾಲಿಗೆ ಹಾಕಿದ್ರು. ಮಾಸ್ತರು ಅದೇ ಇಸವಿ, ಅದೇ ಜೂನ್ ಒಂದು ಬರದ್ರು. ಖರೆ ದಿನ ಯಾರಿಗೆ ನೆನಪೈತ್ರಿ?"

ಸಿಸ್ಟರ್ ಸಿರಿಂಜನ್ನು ಡಬ್ಬಿಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಳಿಸಿದ್ದನ್ನೆಲ್ಲ ಬ್ಯಾಕಪ್‌ನಿಂದ ಸಂಜೆಯೊಳಗೆ ವಾಪಸ್ ತಂದೆ. ಇಂಥ ರೂಢಿ ಗೊತ್ತಿರಲಿಲ್ಲ ಅಂತ ಹೇಳಿ ಪಾರಾಗುವಂತೆಯೂ ಇರಲಿಲ್ಲ. ಈ ನೌಕರಿಯ ಅರ್ಜಿಯಲ್ಲಿ ನಾನು ಬರೆದ ನನ್ನ ಹುಟ್ಟಿದ ದಿನವೂ ಜೂನ್ ಒಂದೇ. ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ಚಳಿಗಾಲದಲ್ಲಿ, ಹೊಲದಲ್ಲಿ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿಗೆ.